ಸ್ವಭಾವ ರಕ್ತದಲ್ಲೇ ಬರುತ್ತದಾ? ಜೀನ್ ಮತ್ತು ನಡವಳಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಮೆಂಡೆಲ್‌ನ ಬಟಾಣಿ ಪಾಠ ಮುಗಿದ ಕೂಡಲೇ ಮಕ್ಕಳ ಕೈ ಮೇಲೇಳುತ್ತದೆ. ಅವರಿಗೆ ಬಟಾಣಿಯ ಕಥೆ ಸಾಕು, ಮನೆಯ ಕಥೆ ಬೇಕು. ಅಪ್ಪನ ಸಿಟ್ಟು, ಅಜ್ಜನ ಕುಡಿತ, ಅಕ್ಕನ ಮಾರ್ಕು. ಪೋಷಕರೂ ಅದನ್ನೇ ಕೇಳುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೂ ಅದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿದ ಉತ್ತರಗಳನ್ನು ಒಮ್ಮೆ ಬರೆದಿಡೋಣ ಅನ್ನಿಸಿತು.

ಸ್ವಭಾವಕ್ಕೂ ಜೀನ್‌ಗೂ ನಿಜವಾಗಿ ಸಂಬಂಧ ಉಂಟಾ?

ಉಂಟು. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಹೋಗೋಣ.

1959ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ಎಂಬ ವಿಜ್ಞಾನಿ ನರಿಗಳನ್ನು ಸಾಕತೊಡಗಿದರು. ಪ್ರತಿ ತಲೆಮಾರಿನಲ್ಲೂ ಮನುಷ್ಯರಿಗೆ ಕಡಿಮೆ ಹೆದರುವ, ಕಚ್ಚಲು ಮುಂದಾಗದ ನರಿಗಳನ್ನು ಮಾತ್ರ ಆರಿಸಿ ಮರಿ ಮಾಡಿಸಿದರು. ಯಾವ ನರಿಗೂ ತರಬೇತಿ ಕೊಡಲಿಲ್ಲ. ಹತ್ತು ತಲೆಮಾರು ದಾಟುವುದರೊಳಗೆ ಕೆಲವು ಮರಿಗಳು ಬಾಲ ಅಲ್ಲಾಡಿಸಿಕೊಂಡು ಬಂದು ಕೈ ನೆಕ್ಕುತ್ತಿದ್ದವು, ನಮ್ಮ ಮನೆ ನಾಯಿ ಮರಿಯ ಹಾಗೆ. ಹೆದರಿಕೆ, ಸಿಟ್ಟು, ಸಲಿಗೆ ಇವುಗಳ ಹಿಂದೆ ಹುಟ್ಟಿನಿಂದ ಬರುವ ಏನೋ ಒಂದು ಇದೆ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನನಗೆ ಗೊತ್ತಿಲ್ಲ.

ಹಾಗಾದರೆ ಜೀನ್ ಒಳಗೆ ಏನು ಬರೆದಿರುತ್ತದೆ?

ಪ್ರೊಟೀನ್ ಮಾಡುವ ವಿಧಾನ. ಅಷ್ಟೇ. ನಮ್ಮಲ್ಲಿ ಅಂಥ ಜೀನ್‌ಗಳು ಸುಮಾರು 20,000 ಇವೆ. "ಸುಳ್ಳು ಹೇಳು" ಅಂತಲೋ "ದೇವರಿಗೆ ಕೈ ಮುಗಿ" ಅಂತಲೋ ಯಾವ ಜೀನ್‌ನಲ್ಲೂ ಬರೆದಿಲ್ಲ. ಒಂದು ಪ್ರೊಟೀನ್ ಸ್ವಲ್ಪ ಜಾಸ್ತಿ ಆದರೆ ಮಿದುಳಿನಲ್ಲಿ ಒಂದು ರಾಸಾಯನಿಕ ಬೇಗ ಖಾಲಿಯಾಗುತ್ತದೆ. ಅದರಿಂದ ಒಬ್ಬನಿಗೆ ಬೇಗ ಗಾಬರಿ ಆಗಬಹುದು. ಗಾಬರಿಯಾದವನು ಓಡುತ್ತಾನಾ, ಹೊಡೆಯುತ್ತಾನಾ, ಅಮ್ಮನ ಹತ್ತಿರ ಹೋಗಿ ಕೂರುತ್ತಾನಾ ಅನ್ನುವುದು ಅವನ ಮನೆ, ಊರು, ಆ ಹೊತ್ತು ಎಲ್ಲ ಸೇರಿ ಆಗುವ ಸಂಗತಿ. ಜೀನ್‌ನಿಂದ ನಡತೆಯವರೆಗೆ ದಾರಿ ಬಹಳ ದೂರ, ನಡುವೆ ತುಂಬ ಕವಲು.

ಅಪ್ಪ ಅಮ್ಮನಿಂದ ಬಂದದ್ದು ಎಷ್ಟು, ಕಲಿತದ್ದು ಎಷ್ಟು ಅಂತ ವಿಜ್ಞಾನಿಗಳು ಹೇಗೆ ಲೆಕ್ಕ ಹಾಕುತ್ತಾರೆ?

ಮುಖ್ಯವಾಗಿ ಅವಳಿಗಳನ್ನು ನೋಡಿ. ಒಂದೇ ಮೊಟ್ಟೆ ಒಡೆದು ಆದ ಅವಳಿಗಳ ಜೀನ್‌ಗಳು ಹೆಚ್ಚು ಕಡಿಮೆ ಪೂರ್ತಿ ಒಂದೇ. ಎರಡು ಮೊಟ್ಟೆಯಿಂದ ಆದ ಅವಳಿಗಳು ಅಣ್ಣ ತಂಗಿಯರ ಹಾಗೆ, ಸರಾಸರಿ ಅರ್ಧ ಹಂಚಿಕೊಂಡಿರುತ್ತಾರೆ. ಇಬ್ಬರೂ ಬೆಳೆಯುವುದು ಒಂದೇ ಮನೆಯಲ್ಲಿ. ಮೊದಲ ಬಗೆಯವರು ಎರಡನೆಯ ಬಗೆಯವರಿಗಿಂತ ಎಷ್ಟು ಹೆಚ್ಚು ಹೋಲುತ್ತಾರೆ ಅಂತ ನೋಡಿದರೆ ಒಂದು ಅಂದಾಜು ಸಿಗುತ್ತದೆ. 2015ರಲ್ಲಿ ಸುಮಾರು ಐವತ್ತು ವರ್ಷಗಳ ಇಂಥ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. 1.45 ಕೋಟಿ ಅವಳಿ ಜೋಡಿಗಳು, 17,804 ಲಕ್ಷಣಗಳು. ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್ ಪಾಲು ಸರಾಸರಿ ಬಂದದ್ದು ಶೇಕಡಾ 49, ಹೆಚ್ಚುಕಡಿಮೆ ಅರ್ಧ.

ಶೇಕಡಾ 50 ಅಂದರೆ ನನ್ನ ಸಿಟ್ಟಿನಲ್ಲಿ ಅರ್ಧ ಅಪ್ಪನದ್ದು ಅಂತಲಾ?

ಇಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಆಗುವ ಅನಾಹುತ ಬೇರೆ ಯಾವುದರಿಂದಲೂ ಆಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗುತ್ತೇನೆ.

ಆ ಸಂಖ್ಯೆ ಒಬ್ಬ ಮನುಷ್ಯನದ್ದಲ್ಲ, ಒಂದು ಗುಂಪಿನದ್ದು. ಗುಂಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಜೀನ್ ವ್ಯತ್ಯಾಸದ ಪಾಲು ಎಷ್ಟು ಅಂತ ಅದು ಹೇಳುತ್ತದೆ. ಗುಂಪು ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ರಿಚರ್ಡ್ ಲೆವಂಟಿನ್ ಎಂಬ ತಳಿವಿಜ್ಞಾನಿ 1970ರಲ್ಲಿ ಕೊಟ್ಟ ಒಂದು ಉದಾಹರಣೆ ಇದೆ. ನಾನು ಅದನ್ನು ತರಗತಿಯಲ್ಲಿ ಗುಳ್ಳಕ್ಕೆ, ಅಂದರೆ ನಮ್ಮ ಕಡೆಯ ಬದನೆಗೆ ಹಚ್ಚಿ ಹೇಳುತ್ತೇನೆ. ಕಟಪಾಡಿ ಹತ್ತಿರದ ಮಟ್ಟು ಊರಿನ ಗುಳ್ಳ ನಮಗೆಲ್ಲ ಗೊತ್ತು, 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಅದೇ ಬೀಜ ಬೇರೆ ಕಡೆ ಹಾಕಿದರೆ ಆ ರುಚಿ ಬರುವುದಿಲ್ಲ ಅಂತ ಬೆಳೆಗಾರರು ಹೇಳುತ್ತಾರೆ. ಈಗ ಹಲವು ಬಗೆಯ ಗುಳ್ಳದ ಬೀಜ ಒಂದೇ ಚೀಲದಲ್ಲಿ ಕಲಸಿ. ಒಂದು ಹಿಡಿ ಮಟ್ಟುವಿನ ಗದ್ದೆಗೆ, ಇನ್ನೊಂದು ಹಿಡಿ ಮುರಕಲ್ಲಿನ ಪದವಿಗೆ, ಅಂದರೆ ಬೋಳು ಗುಡ್ಡೆಗೆ ಹಾಕಿ. ಗದ್ದೆಯ ಒಳಗೆ ಎಲ್ಲ ಗಿಡಕ್ಕೂ ಒಂದೇ ಮಣ್ಣು, ಒಂದೇ ನೀರು. ಅಲ್ಲಿ ಒಂದು ಗಿಡ ದೊಡ್ಡದು, ಇನ್ನೊಂದು ಚಿಕ್ಕದು ಅಂದರೆ ಅದು ಬೀಜದ ವ್ಯತ್ಯಾಸ. ಪದವಿನ ಒಳಗೂ ಹಾಗೇ. ಎರಡೂ ಕಡೆ ಬೀಜದ ಪಾಲು ಶೇಕಡಾ 100. ಆದರೆ ಗದ್ದೆಯ ಗಿಡಗಳು ಒಟ್ಟಾರೆ ಸೊಂಟದವರೆಗೆ ಬಂದವು, ಪದವಿನವು ಮೊಣಕಾಲು ದಾಟಲಿಲ್ಲ ಅಂತಿಟ್ಟುಕೊಳ್ಳಿ. ಆ ವ್ಯತ್ಯಾಸ ಪೂರ್ತಿ ಮಣ್ಣಿನದ್ದು. ಬೀಜದ್ದು ಸೊನ್ನೆ.

ಮನುಷ್ಯರಲ್ಲಿ ಎತ್ತರ ನೋಡಿ. ಎತ್ತರದ ವ್ಯತ್ಯಾಸದಲ್ಲಿ ಜೀನ್ ಪಾಲು ಸುಮಾರು ಶೇಕಡಾ 80. ಆದರೂ ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ನೂರು ವರ್ಷದಲ್ಲಿ ಸುಮಾರು 20 ಸೆಂಟಿಮೀಟರ್ ಏರಿತು. ಅಷ್ಟರೊಳಗೆ ಅವರ ಜೀನ್ ಬದಲಾಗಿರಲಿಲ್ಲ. ಊಟ ಬದಲಾಯಿತು, ಮಕ್ಕಳ ಕಾಯಿಲೆ ಕಡಿಮೆಯಾಯಿತು.

ನಮ್ಮದು ಬುದ್ಧಿವಂತರ ಜಿಲ್ಲೆ ಅಲ್ವಾ? ಪಿಯುಸಿ ರಿಸಲ್ಟ್‌ನಲ್ಲಿ ಪ್ರತಿ ಸಲ ಮುಂದೆ ಇರುವುದು ನಾವೇ.

ಮಕ್ಕಳ ಶ್ರಮದ ಬಗ್ಗೆ ನನಗೂ ಹೆಮ್ಮೆ. ಆದರೆ ಅದು ಬೀಜದ ಮಾತು ಅನ್ನುವವರಿಗೆ ನನ್ನ ಉತ್ತರ ಗುಳ್ಳದ್ದೇ: ಮೊದಲು ಗದ್ದೆ ನೋಡಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಶಾಲೆ, ಅಚ್ಚುಕೂಟ ಅದರ ಹಿಂದೆಯೇ ಬಂದವು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಇಲ್ಲೇ 1843ರಲ್ಲಿ ಹೊರಟಿತು. ಸಂತ ಅಲೋಶಿಯಸ್ ಕಾಲೇಜು 1880ರದ್ದು. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲಿ ಈ ಮಣ್ಣಿನಲ್ಲೇ ಹುಟ್ಟಿದವು. ಓದಿದವನಿಗೆ ಕೆಲಸ ಉಂಟು ಅನ್ನುವುದನ್ನು ಊರಿನ ಜನ ಕಣ್ಣಾರೆ ಕಂಡರು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡಾ 88.57, ಉಡುಪಿಯದ್ದು 86.24. ರಾಜ್ಯದ್ದು 75.36.

2022ರಲ್ಲಿ ಸುಮಾರು 30 ಲಕ್ಷ ಜನರ ಡಿಎನ್ಎ ನೋಡಿ, ಯಾರು ಎಷ್ಟು ವರ್ಷ ಓದಿದರು ಅನ್ನುವುದಕ್ಕೂ ಜೀನ್‌ಗೂ ತಾಳೆ ಹಾಕಿದರು. ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸ ಸಿಕ್ಕಿತು, ಒಂದೊಂದರ ಪರಿಣಾಮವೂ ಕೂದಲೆಳೆಯಷ್ಟು. ಎಲ್ಲ ಕೂಡಿಸಿದರೂ ಓದಿನ ವ್ಯತ್ಯಾಸದಲ್ಲಿ ಶೇಕಡಾ 12ರಿಂದ 16 ಮಾತ್ರ ವಿವರಿಸಲು ಸಾಧ್ಯವಾಯಿತು. ಅದೂ ಯುರೋಪ್ ಮೂಲದ ಜನರಲ್ಲಿ. ಆ ಲೆಕ್ಕವನ್ನು ತಂದು ನಮ್ಮ ಮಕ್ಕಳ ಮೇಲೆ ಇಡಲು ಬರುವುದಿಲ್ಲ.

ಅಪ್ಪ ಕುಡುಕ. ಮಗನಿಗೂ ಅದೇ ಬರುತ್ತದಾ?

ಮೂರು ವರ್ಷದ ಹಿಂದೆ, ಜುಲೈ ತಿಂಗಳು. ಜೋರು ಮಳೆ. ಕಾಲೇಜು ಗೇಟಿನ ಹತ್ತಿರ ಒಬ್ಬರು ತಾಯಿ ಮಗನನ್ನು ಕರೆದುಕೊಂಡು ನನಗೆ ಕಾಯುತ್ತಿದ್ದರು. ಗೇರುಬೀಜ ಫ್ಯಾಕ್ಟರಿಯಲ್ಲಿ ಕೆಲಸ. ಬೆರಳ ತುದಿಗಳು ಸಿಪ್ಪೆಯ ಎಣ್ಣೆಗೆ ಕಪ್ಪಾಗಿದ್ದವು. ಕೊಡೆ ಪೂರ್ತಿ ಮಗನ ಮೇಲೆ, ಅವರ ಒಂದು ಹೆಗಲು ಒದ್ದೆ. "ಟೀಚರ್, ಇವನ ಅಪ್ಪ ಕುಡಿದೇ ಹೋದದ್ದು. ಇವನಿಗೂ ಬರ್ತದಾ?" ಹುಡುಗ ರಸ್ತೆ ಕಡೆ ನೋಡುತ್ತಿದ್ದ. ಹಿಂದೆ ಓದಿದ ಶಾಲೆಯಲ್ಲಿ ಒಬ್ಬರು ಮೇಷ್ಟ್ರು ಎಲ್ಲರ ಎದುರಿಗೆ "ನೀನೂ ಅಪ್ಪನ ಹಾಗೇ ಆಗುವವನು" ಅಂದಿದ್ದರಂತೆ. ಅದು ಆ ಮಗುವಿನ ಎದೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಆ ಮಾತಿನ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅಪಾಯ ಜಾಸ್ತಿ ಇರುವುದು ನಿಜ. 1973ರಲ್ಲಿ ಡೆನ್ಮಾರ್ಕ್‌ನಲ್ಲಿ ಡೊನಾಲ್ಡ್ ಗುಡ್‌ವಿನ್ ಮತ್ತು ಜೊತೆಯವರು ಎಳವೆಯಲ್ಲೇ ದತ್ತು ಹೋದ ಗಂಡುಮಕ್ಕಳನ್ನು ನೋಡಿದರು. ಹೆತ್ತವರಲ್ಲಿ ಒಬ್ಬರಿಗೆ ಕುಡಿತದ ಚಟ ಇದ್ದವರ ಪೈಕಿ, ಬೇರೆ ಮನೆಯಲ್ಲಿ ಬೆಳೆದರೂ, ಶೇಕಡಾ 18 ಜನ ಚಟಕ್ಕೆ ಬಿದ್ದರು. ಉಳಿದ ದತ್ತು ಮಕ್ಕಳಲ್ಲಿ ಶೇಕಡಾ 5. ಅಂದರೆ ಮೂರು ಪಟ್ಟಿಗಿಂತ ಜಾಸ್ತಿ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದಿ: ನೂರರಲ್ಲಿ 82 ಜನರಿಗೆ ಚಟ ಹತ್ತಲಿಲ್ಲ.

ಬರುವುದು ಚಟವಲ್ಲ, ಮೈ ಮದ್ಯಕ್ಕೆ ಸ್ಪಂದಿಸುವ ರೀತಿ. ಅಮೆರಿಕದ ಮಾರ್ಕ್ ಶುಕಿಟ್ ಕುಡುಕರ ಗಂಡುಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಒಂದು ವಿಷಯ ಕಂಡುಕೊಂಡರು. ಯಾರಿಗೆ ಬೇಗ ಅಮಲು ಏರುವುದಿಲ್ಲವೋ ಅವರೇ ಮುಂದೆ ಜಾಸ್ತಿ ಸಿಕ್ಕಿಬೀಳುತ್ತಾರೆ. "ನಾಲ್ಕು ಪೆಗ್ ಹಾಕಿದರೂ ನನಗೆ ಎಂತ ಆಗುದಿಲ್ಲ ಮಾರಾಯ" ಅಂತ ಎದೆ ತಟ್ಟಿಕೊಳ್ಳುವವರನ್ನು ನಮ್ಮೂರಲ್ಲಿ ನೋಡಿದ್ದೀರಿ. ಅದು ಶಕ್ತಿಯ ಗುರುತಲ್ಲ, ಎಚ್ಚರಿಕೆಯ ಗಂಟೆ. ಮನೆಯಲ್ಲಿ ಈ ಚರಿತ್ರೆ ಇದ್ದವರು ಎಳೆ ಪ್ರಾಯದಲ್ಲಿ ಶುರು ಮಾಡಲೇಬಾರದು. ಮಗನಿಗೆ ಇದನ್ನು ಶಾಪದ ಹಾಗೆ ಹೇಳಬೇಡಿ. ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ "ಸಿಹಿ ನೋಡಿ ತಿನ್ನು ಮಗಾ" ಅನ್ನುತ್ತೇವಲ್ಲ, ಹಾಗೆ ಹೇಳಿ.

ಸಿಟ್ಟಿನ ಜೀನ್, ಅಪರಾಧದ ಜೀನ್ ಸಿಕ್ಕಿದೆ ಅಂತ ಓದಿದ್ದೆ.

ನೀವು ಓದಿದ್ದು ಬಹುಶಃ ಎಂಎಒಎ ಎಂಬ ಜೀನ್ ಬಗ್ಗೆ. 1993ರಲ್ಲಿ ಹ್ಯಾನ್ಸ್ ಬ್ರೂನರ್ ನೆದರ್ಲ್ಯಾಂಡ್ಸ್‌ನ ಒಂದು ಕುಟುಂಬದ ಬಗ್ಗೆ ಬರೆದರು. ಅಲ್ಲಿನ ಹಲವು ಗಂಡಸರಲ್ಲಿ ಈ ಜೀನ್ ಪೂರ್ತಿ ಕೆಟ್ಟಿತ್ತು, ಅವರು ಏಕಾಏಕಿ ಕೆರಳುತ್ತಿದ್ದರು. ಅಷ್ಟು ಪೂರ್ತಿ ಕೆಡುವುದು ತೀರಾ ಅಪರೂಪ.

2002ರಲ್ಲಿ ಬಂದ ನ್ಯೂಜಿಲೆಂಡ್ ಅಧ್ಯಯನ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಡನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ನೋಡಿದ್ದರು. ಇದೇ ಜೀನ್ ಕಡಿಮೆ ಕೆಲಸ ಮಾಡುವ ಹುಡುಗರು ತುಂಬ ಜನ ಇದ್ದರು. ಅವರಲ್ಲಿ ಚಿಕ್ಕಂದಿನಲ್ಲಿ ಹೊಡೆತ, ಹಿಂಸೆ ಕಂಡವರು ಮುಂದೆ ಹಿಂಸೆಗೆ ಇಳಿಯುವುದು ಜಾಸ್ತಿ ಇತ್ತು. ಪೆಟ್ಟು ತಿನ್ನದೆ ಬೆಳೆದವರಲ್ಲಿ ಆ ಜೀನ್ ಅಂಥ ವ್ಯತ್ಯಾಸವನ್ನೇನೂ ಮಾಡಲಿಲ್ಲ. ಅಲ್ಲಿಂದ ಮುಂದೆ ನಡೆದ ಅಧ್ಯಯನಗಳಲ್ಲಿ ಫಲಿತಾಂಶ ಕೆಲವು ಕಡೆ ಹೌದು, ಕೆಲವು ಕಡೆ ಅಲ್ಲ ಅಂತ ಬಂತು. ಒಂದೇ ಜೀನ್ ಹಿಡಿದು ಒಂದು ಸ್ವಭಾವ ಹುಡುಕುವ ಕಾಲ ಈಗ ಹೆಚ್ಚುಕಡಿಮೆ ಮುಗಿದಿದೆ. ಖಿನ್ನತೆಯ ಜೀನ್ ಅಂತ ಹೆಸರು ಮಾಡಿದ್ದ 18 ಜೀನ್‌ಗಳನ್ನು 2019ರಲ್ಲಿ ಲಕ್ಷಾಂತರ ಜನರಲ್ಲಿ ನೋಡಿದಾಗ, ಬೇರೆ ಯಾವುದೋ ಜೀನ್‌ಗಿಂತ ಅವು ಹೆಚ್ಚೇನೂ ಹೇಳಲಿಲ್ಲ.

ಯಕ್ಷಗಾನ ಆ ಮನೆಯವರ ರಕ್ತದಲ್ಲೇ ಇದೆ ಅನ್ನುತ್ತಾರಲ್ಲ?

ಒಮ್ಮೆ ಒಂದು ಹರಕೆ ಆಟಕ್ಕೆ ಹೋಗಿದ್ದೆ. ನಡುರಾತ್ರಿ ಕಳೆದಿತ್ತು. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಅಪ್ಪ ಕನ್ನಡಿ ಹಿಡಿದು ಹುಬ್ಬು ತಿದ್ದುತ್ತಿದ್ದರು. ಪಕ್ಕದಲ್ಲಿ ಪೆಟ್ಟಿಗೆಗೆ ಒರಗಿ ನಾಲ್ಕೈದು ವರ್ಷದ ಮಗ ನಿದ್ದೆ. ರಂಗದಲ್ಲಿ ಚೆಂಡೆ ಶುರುವಾಯಿತು. ಮಗು ಕಣ್ಣು ತೆರೆಯಲಿಲ್ಲ, ಆದರೆ ಅದರ ಬಲಗಾಲಿನ ಹೆಬ್ಬೆರಳು ತಾಳಕ್ಕೆ ಸರಿಯಾಗಿ ಅಲ್ಲಾಡತೊಡಗಿತು. ಅಪ್ಪ ಬಣ್ಣ ಹಚ್ಚುತ್ತಲೇ ಎಡಗೈಯಿಂದ ಅದರ ತೊಡೆ ಮೇಲೆ ಅದೇ ತಾಳ ತಟ್ಟಿದರು.

ಇದು ರಕ್ತವಾ, ಅಭ್ಯಾಸವಾ? ಬಿಡಿಸಿ ಹೇಳುವುದು ಕಷ್ಟ. ಯಾಕೆಂದರೆ ಜೀನ್ ಕೊಟ್ಟ ಅಪ್ಪನೇ ಚೌಕಿಯನ್ನೂ ಕೊಟ್ಟರು. ಒಂದೇ ಕೈಯಿಂದ ಎರಡೂ ಬರುತ್ತವೆ. ಸ್ವರ, ತಾಳ ಬೇಗ ಹಿಡಿಯುವುದರಲ್ಲಿ ಹುಟ್ಟಿನ ಪಾಲು ಇರಬಹುದು. ಆದರೆ ಅದೇ ಮಗುವನ್ನು ಹುಟ್ಟಿದ ದಿನವೇ ಚೆಂಡೆ ಕೇಳದ ಊರಿಗೆ ಒಯ್ದಿದ್ದರೆ ಆ ಹೆಬ್ಬೆರಳು ತಾಳ ಕಲಿಯುತ್ತಿತ್ತಾ?

ಓಟದ ಮಾತೂ ಹೀಗೇ. 1980ರ ದಶಕದ ಕೊನೆಗೆ, ನಮ್ಮ ಮಂಗಳೂರಿನವರೇ ಆದ ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡುತ್ತಿದ್ದಾಗ, ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಡುವ ಯೋಜನೆ ಬಂತು. ಆಫ್ರಿಕಾ ಮೂಲದವರು, ಓಟ ಮೈಯಲ್ಲೇ ಇರುತ್ತದೆ ಅನ್ನುವುದು ಅದರ ಹಿಂದಿನ ನಂಬಿಕೆ. ಮಕ್ಕಳು ಪದಕ ತಂದರು. 1993ರ ಹೊತ್ತಿಗೆ ಯೋಜನೆ ನಿಂತಿತು. ಮೈ ಅದೇ ಇತ್ತು. ಕೋಚ್, ಹಾಸ್ಟೆಲ್, ಊಟ ಹೋಯಿತು. ಅಲ್ಲಿಂದ ಆ ಮಕ್ಕಳ ಹೆಸರು ಎಷ್ಟು ಕಡೆ ಕೇಳಿಸಿತು?

ನಮ್ಮಲ್ಲಿ ಬರಿ, ಅಂದರೆ ವಂಶದ ಹೆಸರು, ತಾಯಿಯಿಂದ ಬರುತ್ತದೆ. ಹಾಗಾದರೆ ಗುಣವೂ ತಾಯಿ ಕಡೆಯಿಂದಲೇ ಅಲ್ವಾ?

ಅಳಿಯಸಂತಾನದ, ಅಂದರೆ ತಾಯಿ ಕಡೆಯಿಂದ ವಂಶ ಎಣಿಸುವ ಊರಿನವರು ಕೇಳುವ ಈ ಪ್ರಶ್ನೆ ನನಗೆ ತುಂಬ ಇಷ್ಟ. ಬರಿಯ ಹಾಗೇ ಸಾಗುವ ಒಂದು ಡಿಎನ್ಎ ನಿಜವಾಗಿಯೂ ಇದೆ. ಮೈಟೊಕಾಂಡ್ರಿಯಾದ ಡಿಎನ್ಎ ತಾಯಿಯಿಂದ ಮಾತ್ರ ಬರುತ್ತದೆ. ಮಗನಿಗೂ ಸಿಗುತ್ತದೆ, ಆದರೆ ಅವನು ಮುಂದೆ ದಾಟಿಸಲಾರ. ಬರಿಯ ಲೆಕ್ಕವೇ! ಆದರೆ ಅದರಲ್ಲಿರುವುದು 37 ಜೀನ್, ಕೆಲಸ ಮುಖ್ಯವಾಗಿ ಜೀವಕೋಶಕ್ಕೆ ಶಕ್ತಿ ಒದಗಿಸುವುದು. ಉಳಿದ ಸಾವಿರಾರು ಜೀನ್ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರುತ್ತವೆ. ಮಗು ಮಾವನ ಹಾಗೆ ಇದೆ ಅಂದರೆ ಅದಕ್ಕೆ ಮಾವನ ಮನೆಯಲ್ಲೇ ಬೆಳೆದದ್ದೂ ಒಂದು ಕಾರಣ ಇರಬಹುದು.

ಮಗುವಿಗೆ ಆಟಿಸಂ. ನಾನು ಮೊಬೈಲ್ ಕೊಟ್ಟದ್ದು, ಕೆಲಸಕ್ಕೆ ಹೋದದ್ದು ಕಾರಣವಾ?

ಅಲ್ಲ. ದಯವಿಟ್ಟು ಈ ಭಾರ ಇಳಿಸಿ.

ಜೀನ್ ಮಾತು ಎತ್ತಿದರೆ ಅನ್ಯಾಯವೇ ಆಗುತ್ತದೆ ಅಂದುಕೊಳ್ಳುವವರು ಇದನ್ನು ಓದಬೇಕು. 1950, 60ರ ದಶಕದಲ್ಲಿ ಅಮೆರಿಕದ ದೊಡ್ಡ ದೊಡ್ಡ ತಜ್ಞರು ತಾಯಿಗೆ ಪ್ರೀತಿ ಇಲ್ಲದ್ದರಿಂದ ಮಗುವಿಗೆ ಆಟಿಸಂ ಬರುತ್ತದೆ ಅಂದರು. ಬ್ರೂನೊ ಬೆಟೆಲ್‌ಹೈಮ್ ಅವರಲ್ಲಿ ಹೆಸರುವಾಸಿ. ಎಷ್ಟು ತಾಯಂದಿರು ಅದನ್ನು ನಂಬಿ ತಮ್ಮನ್ನೇ ದೂರಿಕೊಂಡರೋ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ನೋಡಿದರು. ಒಂದೇ ಮೊಟ್ಟೆಯ 11 ಜೋಡಿಗಳಲ್ಲಿ 4 ಕಡೆ ಇಬ್ಬರಿಗೂ ಆಟಿಸಂ ಇತ್ತು. ಎರಡು ಮೊಟ್ಟೆಯ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗಿರಲಿಲ್ಲ. ಅಷ್ಟು ಸಣ್ಣ ಲೆಕ್ಕ ತಾಯಂದಿರ ತಲೆ ಮೇಲಿನ ಕಲ್ಲು ಎತ್ತಲು ಶುರು ಮಾಡಿತು. ಇವತ್ತಿನ ಅಂದಾಜಿನಲ್ಲಿ ಆಟಿಸಂನ ವ್ಯತ್ಯಾಸದಲ್ಲಿ ಜೀನ್ ಪಾಲು ಸುಮಾರು ಶೇಕಡಾ 80.

ಜೀನ್‌ನಿಂದ ಬಂದದ್ದು ಅಂದಮಾತ್ರಕ್ಕೆ ಮಾಡುವುದಕ್ಕೆ ಏನೂ ಉಳಿದಿಲ್ಲ ಅಂತಲ್ಲ. ಮಾತು ಕಲಿಸುವ ಥೆರಪಿ, ತಾಳ್ಮೆಯ ಶಾಲೆ ಇವುಗಳಿಂದ ಮಗುವಿನ ದಿನ ಬದಲಾಗುತ್ತದೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಸಲಿಂಗ ಪ್ರೀತಿಗೆ ಒಂದು ಜೀನ್ ಇದೆಯಾ?

ಒಂದೇ ಜೀನ್ ಅಂತ ಇಲ್ಲ. 2019ರಲ್ಲಿ ಸುಮಾರು 4.7 ಲಕ್ಷ ಜನರ ಅಧ್ಯಯನ ಅದನ್ನು ತೋರಿಸಿತು. ಜೀನ್ ಪಾಲು ಇದೆ, ಅದು ನೂರಾರು ಕಡೆ ಚೆದುರಿದೆ, ಡಿಎನ್ಎ ನೋಡಿ ಒಬ್ಬರ ಬಗ್ಗೆ ಹೇಳಲು ಬರುವುದಿಲ್ಲ. ಅವರ ಘನತೆಗೆ ಜೀನ್‌ನ ಸರ್ಟಿಫಿಕೇಟ್ ಬೇಕಾಗಿಯೂ ಇಲ್ಲ.

ಕುಲದಿಂದ ಗುಣ ಬರುತ್ತದೆ ಅನ್ನುವುದರಲ್ಲಿ ತಪ್ಪೇನು?

ತಪ್ಪು ಏನು ಅನ್ನುವುದನ್ನು ನಮ್ಮ ಊರೇ ನೋಡಿದೆ. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಕೆಲವು ಸಮುದಾಯಗಳವರು ಹುಟ್ಟಿನಿಂದಲೇ ಕಳ್ಳರು ಅಂತ ಕಾನೂನೇ ಹೇಳಿತು. 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ಬಂತು, ಆಗ ನಮ್ಮ ಜಿಲ್ಲೆ ಇದ್ದದ್ದು ಅಲ್ಲೇ. ದೇಶದಲ್ಲಿ ಅದು ಪೂರ್ತಿ ಹೋಗಲು 1952 ಆಗಬೇಕಾಯಿತು.

ನಮ್ಮ ಕರಾವಳಿಯ ಬುಡಕಟ್ಟಿನವರಾದ ಕೊರಗರ ವಿಷಯ ಇನ್ನೂ ಹತ್ತಿರದ್ದು. ಬೇರೆಯವರ ಕಷ್ಟ ಕಳೆಯಲಿ ಅಂತ ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ಕಂಬಳದಲ್ಲಿ ಕೋಣಗಳಿಗಿಂತ ಮುಂಚೆ ಅವರನ್ನು ಗದ್ದೆಯಲ್ಲಿ ಓಡಿಸುತ್ತಿದ್ದರು. ಅವರು ಹುಟ್ಟಿನಲ್ಲೇ ಬೇರೆ ಅನ್ನುವ ನಂಬಿಕೆ ಇಲ್ಲದಿದ್ದರೆ ಒಬ್ಬ ಮನುಷ್ಯನಿಗೆ ಇನ್ನೊಬ್ಬ ಮನುಷ್ಯ ಹೀಗೆ ಮಾಡಲು ಸಾಧ್ಯವಿರಲಿಲ್ಲ. ಈ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ನನ್ನ ತರಗತಿಯಲ್ಲಿ ಕೂರುವ ಮಕ್ಕಳು ಹುಟ್ಟುವುದಕ್ಕೆ ಸ್ವಲ್ಪವೇ ಮೊದಲು.

ಕಾಯಿಲೆಯ ಕೆಲವು ಜೀನ್‌ಗಳು ಒಳಗೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಜಾಸ್ತಿ ಸಿಗುತ್ತವೆ, ಅದು ನಿಜ. ಅದಕ್ಕೂ ನಿಯತ್ತು, ಬುದ್ಧಿ, ಶುಚಿ ಇವುಗಳಿಗೂ ಏನೂ ಸಂಬಂಧವಿಲ್ಲ. ಗದ್ದೆಗೆ ನೀರೇ ಬಿಡದೆ ಬೀಜ ಕೆಟ್ಟದು ಅಂತ ಬೈಯುವುದು ನ್ಯಾಯವಲ್ಲ.

ಬೆರಳಚ್ಚು ನೋಡಿ ಮಗು ಡಾಕ್ಟರೋ ಇಂಜಿನಿಯರೋ ಅಂತ ಹೇಳುತ್ತಾರಂತೆ. ಮಾಡಿಸಲಾ?

ಬೇಡ. ನನ್ನ ತಂಗಿ ಮಗನಿಗೆ ಒಂದು ಕಂಪನಿಯವರು ಸಾವಿರಾರು ರೂಪಾಯಿ ತೆಗೆದುಕೊಂಡು ಹೀಗೆ ಮಾಡಿದರು. ಬಣ್ಣದ ಚಿತ್ರಗಳಿರುವ ದಪ್ಪ ರಿಪೋರ್ಟ್. ಗಣಿತ ಇವನಿಗೆ ಆಗುವುದಿಲ್ಲ ಅಂತ ಬರೆದಿತ್ತು. ಹುಡುಗ ಆರನೇ ಕ್ಲಾಸು. ಅಲ್ಲಿಂದ ಗಣಿತ ಪುಸ್ತಕ ತೆರೆದಾಗಲೆಲ್ಲ "ರಿಪೋರ್ಟಲ್ಲೇ ಉಂಟಲ್ಲ ದೊಡ್ಡಮ್ಮ" ಅನ್ನುತ್ತಿದ್ದ. ಬೆರಳ ಗೆರೆಗಳು ಮಗು ಹೊಟ್ಟೆಯಲ್ಲಿ ಇರುವಾಗಲೇ ಮೂಡುತ್ತವೆ, ಒಂದೇ ಮೊಟ್ಟೆಯ ಅವಳಿಗಳಲ್ಲೂ ಬೇರೆ ಬೇರೆ ಇರುತ್ತವೆ. ಅವುಗಳಿಂದ ಬುದ್ಧಿ ಅಳೆಯಲು ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಉಗುಳು ಕಳಿಸಿ ಮಗುವಿನ ಪ್ರತಿಭೆ ತಿಳಿಯಿರಿ ಅನ್ನುವ ಕಿಟ್‌ಗಳಿಗೂ ಇದೇ ಉತ್ತರ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಗಾದೆ ಸುಳ್ಳಾ?

ಪಿಕೆಯು ಅನ್ನುವ ಕಾಯಿಲೆ ಕೇಳಿ. ಒಂದೇ ಜೀನ್‌ನ ದೋಷ, ನೂರಕ್ಕೆ ನೂರು ಹುಟ್ಟಿನದ್ದು. ಹಾಗೇ ಬಿಟ್ಟರೆ ಮಗುವಿನ ಮಿದುಳು ಬೆಳೆಯುವುದಿಲ್ಲ. ಹುಟ್ಟಿದ ಕೂಡಲೇ ರಕ್ತ ಪರೀಕ್ಷೆ ಮಾಡಿ, ಪ್ರೊಟೀನ್‌ನಲ್ಲಿರುವ ಫಿನೈಲ್‌ಅಲನಿನ್ ಎಂಬ ಅಂಶ ಕಡಿಮೆ ಇರುವ ಊಟ ಕೊಟ್ಟರೆ ಮಗು ಎಲ್ಲರ ಹಾಗೆ ಶಾಲೆಗೆ ಹೋಗುತ್ತದೆ. ಜೀನ್ ಹಾಗೇ ಇದೆ, ಊಟ ಬದಲಾಗಿದೆ. ಹುಟ್ಟುಗುಣ ಹೋಗಲಿಲ್ಲ, ಅದರ ಕಾಟ ಹೋಯಿತು.

ಮನೆಯಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ. ಮಗಳ ಮದುವೆ ಮಾತುಕತೆ ನಡೆಯುತ್ತಿದೆ. ಯಾರನ್ನು ಕೇಳುವುದು?

ಸ್ಕಿಜೋಫ್ರೇನಿಯಾ ಸುಮಾರು ನೂರರಲ್ಲಿ ಒಬ್ಬರಿಗೆ ಬರುತ್ತದೆ. ತಂದೆ ಅಥವಾ ತಾಯಿಗೆ ಇದ್ದರೆ ಮಗುವಿಗೆ ಬರುವುದು ಸುಮಾರು ನೂರರಲ್ಲಿ ಹತ್ತು. ಅಂದರೆ ತೊಂಬತ್ತು ಜನರಿಗೆ ಬರುವುದಿಲ್ಲ. ಜೀನ್ ಪೂರ್ತಿ ಒಂದೇ ಇರುವ ಅವಳಿಗಳಲ್ಲೇ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಹೆಚ್ಚೆಂದರೆ ಅರ್ಧದಷ್ಟು. ಇದನ್ನು ಮುಚ್ಚಿಟ್ಟು ಮದುವೆ ಮಾಡುವುದೂ ಬೇಡ, ಮನೆತನಕ್ಕೇ ಕಳಂಕ ಅನ್ನುವುದೂ ಬೇಡ.

ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ ಉಂಟು, 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ವಂಶದ ಕಾಯಿಲೆ ಬಗ್ಗೆ ಕೇಳಬೇಕಾದರೆ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗ ಇದೆ. ಹೋಗುವ ಮೊದಲು ಒಂದು ಕೆಲಸ ಮಾಡಿ. ದೊಡ್ಡ ಹಾಳೆ ತೆಗೆದುಕೊಂಡು ಮೂರು ತಲೆಮಾರಿನ ಕುಟುಂಬ ಬರೆಯಿರಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಯಾರಿಗೆ ಏನು ಕಾಯಿಲೆ, ಎಷ್ಟನೇ ವರ್ಷಕ್ಕೆ ಶುರುವಾಯಿತು ಅಂತ ಪಕ್ಕದಲ್ಲಿ ಬರೆಯಿರಿ. ಅಜ್ಜಿ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿಕ್ಕಂದಿನಲ್ಲೇ ತೀರಿಹೋದ ಮಕ್ಕಳ ಲೆಕ್ಕ, ಮುಂಬೈಗೆ ಹೋಗಿ ವಾಪಸ್ ಬಾರದ ಮಾವನ ಹೆಸರು ಅವರಿಗೆ ಮಾತ್ರ ನೆನಪಿರುತ್ತದೆ.